ನಡೆ ಎಂದರೆ ಕಾಲಿನದೋ, ಬಾಳಿನದೋ?



ಬೆಟ್ಟ ಹತ್ತಿ ಬಂದಿದ್ದೀರಿ. ದರ್ಶನ ಮುಗಿಸಿ, ಪ್ರಸಾದ ತಗೊಂಡು, ಎಲ್ಲೋ ನೆರಳು ನೋಡಿ ಕೂತು ಈ ಪುಟ ತಿರುವುತ್ತಿರಬಹುದು. ಎದೆಬಡಿತ ಇನ್ನೂ ಪೂರ್ತಿ ತಗ್ಗಿರಲಿಕ್ಕಿಲ್ಲ. ಮೊಣಕಾಲು ಸಣ್ಣಗೆ ನೋಯುತ್ತಿರಬಹುದು. ಆ ದಣಿವು ಆರುವ ತನಕ ನಿಮ್ಮ ಜೊತೆ ಧರ್ಮಕ್ಕೆ ಸಂಬಂಧಿಸಿದ ಒಂದು ಪ್ರಶ್ನೆಯನ್ನು ವಿಚಾರ ಮಾಡುವ ಆಸೆ.

ಪ್ರಶ್ನೆ ಇಷ್ಟೇ. ದೇವರಿಗಾಗಿ ನಡೆದರೆ ಪುಣ್ಯ ಅಂತೀವಿ. ಹಾಗಾದರೆ ಮೈತೂಕ ಇಳಿಯಲಿ, ಸಕ್ಕರೆ ಕಾಯಿಲೆ ಹತೋಟಿಗೆ ಬರಲಿ ಅಂತ ದಿನಾ ಬೆಳಿಗ್ಗೆ ನಡೆಯುತ್ತಾರಲ್ಲ, ಅದು ಏನು? ಬರೀ ಸ್ವಾರ್ಥವೋ, ಶೋಕಿಯೋ, ಇಲ್ಲಾ ಅದರಲ್ಲೂ ಧರ್ಮ ಇದೆಯೋ? "ಇವತ್ತಿದ್ದು ನಾಳೆ ಹೋಗುವ ಈ ದೇಹಕ್ಕೆ ಇಷ್ಟೊಂದು ಉಪಚಾರ ಯಾಕ್ರೀ?" ಎಂದು ಕೇಳುವ ಹಿರಿಯರಿದ್ದಾರೆ. "ಮೊದಲು ಆರೋಗ್ಯ, ದೇವರು ಆಮೇಲೆ" ಎನ್ನುವ ಕಿರಿಯರೂ ಇದ್ದಾರೆ. ಇಬ್ಬರ ಮಾತನ್ನೂ ತೂಗಿ ನೋಡೋಣ.

ಒಂದು ಮಾತು, ಎರಡು ಅರ್ಥ

ನಮ್ಮ ಕನ್ನಡದಲ್ಲಿ "ನಡೆ" ಎಂಬ ಮಾತಿಗೆ ಎರಡು ಅರ್ಥ. ಕಾಲಲ್ಲಿ ಹೆಜ್ಜೆ ಹಾಕುವುದೂ ನಡೆ, ಮನುಷ್ಯ ಬದುಕುವ ರೀತಿಯೂ ನಡೆ. "ಅವರ ನಡೆ ನುಡಿ ಒಂದೇ" ಎಂದಾಗ ಅವರು ಎಷ್ಟು ಮೈಲಿ ನಡೆದರು ಅಂತ ಯಾರೂ ಕೇಳುವುದಿಲ್ಲ. ನಡತೆ, ನಡವಳಿಕೆ, ನಡೆನುಡಿ ಎಲ್ಲವೂ ಒಂದೇ ಬೇರಿನ ಚಿಗುರುಗಳು. 12ನೇ ಶತಮಾನದ ಶರಣರು ನಿಂತದ್ದಕ್ಕೆ ಸ್ಥಾವರ ಅಂದರು, ಚಲಿಸುವುದಕ್ಕೆ ಜಂಗಮ ಅಂದರು, ಜಂಗಮಕ್ಕೇ ಹೆಚ್ಚಿನ ಬೆಲೆ ಕೊಟ್ಟರು. ಅದರ ಅರ್ಥ ಬಹಳ ಆಳವಾದದ್ದು. ಅದನ್ನು ಬೆಳಗಿನ ವಾಕಿಂಗಿಗೆ ಇಳಿಸಿದರೆ ತಪ್ಪಾದೀತು. ಆದರೂ ಕಾಲಿನ ನಡೆಗೂ ಬಾಳಿನ ನಡೆಗೂ ನಮ್ಮ ಹಿರಿಯರು ಒಂದೇ ಹೆಸರಿಟ್ಟದ್ದು ಗಮನಿಸುವಂಥ ಸಂಗತಿ.

ನಡತೆ ಅಂದರೆ ಏನು? ದಿನಾ ಮಾಡುವುದು. ಒಂದು ದಿನ ನಿಜ ಹೇಳಿದವನನ್ನು ಸತ್ಯವಂತ ಅನ್ನುವುದಿಲ್ಲ. ಜಾತ್ರೆಯ ದಿನ ಮಾತ್ರ ಅನ್ನ ಹಾಕಿದವನನ್ನು ದಾನಿ ಅನ್ನುವುದೂ ಕಷ್ಟ. ಹಾಗೆಯೇ ವರ್ಷಕ್ಕೆ ಒಂದು ದಿನ ಬೆಟ್ಟ ಹತ್ತಿ ಮಿಕ್ಕ 364 ದಿನ ಅಂಗಡಿಗೆ ಹೋಗಲೂ ಬೈಕ್ ತೆಗೆಯುವವನ ಕಾಲಿಗೂ ಅದೇ ನ್ಯಾಯ. ಆ ಒಂದು ದಿನದ ಭಕ್ತಿ ಸುಳ್ಳು ಅಂತಲ್ಲ. ಆದರೆ ಅದು ಇನ್ನೂ ನಡತೆ ಆಗಿಲ್ಲ.

ಹಿಂದಿನವರು ವಾಕಿಂಗ್ ಹೋಗಲಿಲ್ಲ

"ನಮ್ಮಜ್ಜ ಯಾವ ವಾಕಿಂಗೂ ಮಾಡಿರಲಿಲ್ಲ, 90 ವರ್ಷ ಗಟ್ಟಿಮುಟ್ಟಾಗಿದ್ರು" ಎಂಬ ಮಾತನ್ನು ಕೇಳದವರಿಲ್ಲ. ನಿಜ, ಅಜ್ಜ ವಾಕಿಂಗ್ ಹೋಗಲಿಲ್ಲ. ಆದರೆ ಅಜ್ಜ ಕೂತಿದ್ದು ಯಾವಾಗ? ಹೊಳಲ್ಕೆರೆಯ ಅಡಿಕೆ ತೋಟದಲ್ಲಿ, ಹೊಸದುರ್ಗದ ರಾಗಿ ಹೊಲದಲ್ಲಿ ಬೆಳಗಿನಿಂದ ಸಂಜೆ ತನಕ ಕಾಲಿಗೆ ಬಿಡುವಿರಲಿಲ್ಲ. ಹಿರಿಯೂರು ಸೀಮೆಯ ಕುರಿಗಾಹಿ ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಮಂದೆಯ ಹಿಂದೆ ಇಡೀ ದಿನ ಅಲೆಯುತ್ತಾನೆ. ಅವನಿಗೆ ತನ್ನ ತೂಕದ ಚಿಂತೆಯಿಲ್ಲ, ಮಳೆಯ ಚಿಂತೆ.

ಚಿತ್ರದುರ್ಗದ ಕೋಟೆಯನ್ನೇ ನೋಡಿ. ಏಳು ಸುತ್ತಿನ ಕೋಟೆ ಅನ್ನುತ್ತೇವೆ. ಅದರೊಳಗೆ ಜನ ಸಂಸಾರ ಮಾಡಿಕೊಂಡಿದ್ದರು. ನೀರು ಬೇಕೆಂದರೆ ಹೊಂಡಕ್ಕೆ ಹೋಗಬೇಕು, ದೇವಸ್ಥಾನಕ್ಕೆ ಬಂಡೆ ಹತ್ತಬೇಕು, ಪೇಟೆಗೆ ಇಳಿಯಬೇಕು. ಮದಕರಿ ನಾಯಕನ ಕಾಲದ ಓಬವ್ವನ ಕಥೆ ನಿಮಗೆಲ್ಲ ಗೊತ್ತು. ಕಹಳೆ ಕಾವಲುಗಾರನ ಹೆಂಡತಿ, ಗಂಡ ಉಣ್ಣಲು ಕೂತಾಗ ನೀರಿಗೆ ಹೋದವಳು ಕಿಂಡಿಯಲ್ಲಿ ಶತ್ರುವನ್ನು ಕಂಡು ಒನಕೆ ಎತ್ತಿದಳು. ಅವಳು ಕತ್ತಿವರಸೆ ಕಲಿತವಳು ಅಂತ ಕಥೆ ಹೇಳುವುದಿಲ್ಲ. ದಿನಾ ಕುಟ್ಟಿದ ಕೈ, ದಿನಾ ಏರಿ ಇಳಿದ ಕಾಲು ಅವಳದು. ಧೈರ್ಯ ಆ ಹೊತ್ತಿಗೆ ಹುಟ್ಟಿತು ಅಂದರೂ ತೋಳಿನ ಬಲ ಆ ಹೊತ್ತಿಗೆ ಹುಟ್ಟಿದ್ದಲ್ಲ. ಅದು ವರ್ಷಗಟ್ಟಲೆ ದುಡಿದು ಕೂಡಿಟ್ಟ ಬಲ.

ಅದೇ ಕೋಟೆಯಲ್ಲಿ ಹಿಡಿಂಬೇಶ್ವರನ ಗುಡಿ ಇದೆ. ಭೀಮ ಹಿಡಿಂಬಾಸುರನನ್ನು ಕೊಂದದ್ದು ಇಲ್ಲೇ ಎಂಬ ನಂಬಿಕೆ ಉಂಟು. ಭೀಮ ಬಂಡಿ ಅನ್ನ ಉಂಡವನು. ಆದರೆ ಬಂಡಿ ಅನ್ನ ಉಂಡ ಮೇಲೆ ಬಕನನ್ನೂ ಕೊಂದವನು. ನಮ್ಮ ಕಾಲದ ತೊಂದರೆ ಏನೆಂದರೆ ನಾವು ಭೀಮನ ಊಟ ಇಟ್ಟುಕೊಂಡೆವು, ಭೀಮನ ಕೆಲಸ ಬಿಟ್ಟೆವು. ಬಿಂದಿಗೆ ಹೋಗಿ ನಲ್ಲಿ ಬಂತು, ಒರಳು ಹೋಗಿ ಮಿಕ್ಸಿ ಬಂತು, ನೇಗಿಲು ಹೋಗಿ ಟ್ರ್ಯಾಕ್ಟರ್ ಬಂತು. ಇವು ಬಂದದ್ದು ಒಳ್ಳೆಯದೇ. ನಮ್ಮ ತಾಯಂದಿರ ಬೆನ್ನು ಉಳಿಯಿತು. ಆದರೆ ಉಳಿದ ಶ್ರಮವನ್ನು ಏನು ಮಾಡಬೇಕು ಅಂತ ಯಾರೂ ನಮಗೆ ಹೇಳಿಕೊಡಲಿಲ್ಲ.

ಫಲ ಕಣ್ಣ ಮುಂದಿದೆ. ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ ಅಂತ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನ ಅಧ್ಯಯನವೊಂದು 2023ರಲ್ಲಿ ಲೆಕ್ಕ ಕೊಟ್ಟಿತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ವಯಸ್ಕ ಹೆಂಗಸರಲ್ಲಿ ಶೇಕಡಾ 24, ಗಂಡಸರಲ್ಲಿ ಶೇಕಡಾ 23ರಷ್ಟು ಮಂದಿಯ ತೂಕ ಇರಬೇಕಾದ್ದಕ್ಕಿಂತ ಹೆಚ್ಚು. ಇದು ಈಗ ಪಟ್ಟಣದ ಕಾಯಿಲೆ ಅಷ್ಟೇ ಅಲ್ಲ, ಹಳ್ಳಿಗೂ ಬಂದಿದೆ.

ಮಾರಿಕಣಿವೆಯ ಲೆಕ್ಕ

ನಡೆದರೆ ತೂಕ ಇಳಿಯುತ್ತದೆಯೇ? ಇದಕ್ಕೆ ಉತ್ಪ್ರೇಕ್ಷೆ ಇಲ್ಲದ ಉತ್ತರ ಬೇಕು.

ಹಿರಿಯೂರಿನ ಹತ್ತಿರ ವೇದಾವತಿಗೆ ಕಟ್ಟಿದ ವಾಣಿವಿಲಾಸ ಸಾಗರವನ್ನು ನೋಡಿದ್ದೀರಿ. ನಾವು ಮಾರಿಕಣಿವೆ ಅಂತಲೇ ಕರೆಯುವುದು. 1907ರಲ್ಲಿ ಕಟ್ಟಿ ಮುಗಿಸಿದ ಈ ಜಲಾಶಯ ತುಂಬುವುದು 130 ಅಡಿಗೆ. 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, ನಡುವೆ 89 ವರ್ಷ. ಯಾಕೆ? ಬರುವ ನೀರು ಕಡಿಮೆ, ಹೋಗುವ ನೀರು ಹೆಚ್ಚು. ಒಳಹರಿವು, ಹೊರಹರಿವು, ಇಷ್ಟೇ ಲೆಕ್ಕ.

ದೇಹದ ಲೆಕ್ಕವೂ ಹೆಚ್ಚು ಕಡಿಮೆ ಅದೇ. ಊಟ ಒಳಹರಿವು, ಶ್ರಮ ಹೊರಹರಿವು. ಮಿಕ್ಕಿದ್ದು ಕೊಬ್ಬಾಗಿ ನಿಲ್ಲುತ್ತದೆ. 60 ಕಿಲೋ ತೂಕದವರು ಒಂದು ಗಂಟೆ ಚುರುಕಾಗಿ ನಡೆದರೆ ಖರ್ಚಾಗುವುದು ಸುಮಾರು 200ರಿಂದ 250 ಕ್ಯಾಲೊರಿ. ಬೆವರು ಒರೆಸಿಕೊಂಡು ಬಂದು ತುಪ್ಪ ಹಾಕಿದ ಎರಡು ಹೋಳಿಗೆ ತಿಂದರೆ ಅಷ್ಟೂ ವಾಪಸ್ ಬಂದು, ಮೇಲೆ ಇನ್ನಷ್ಟು ಸೇರಿರುತ್ತದೆ. ಮಂಡಕ್ಕಿ ಜೊತೆ ಒಂದು ಪ್ಲೇಟ್ ಮೆಣಸಿನಕಾಯಿ ಬೋಂಡ ಆದರೂ ಅದೇ ಕಥೆ. ಒಂದು ಕಿಲೋ ಕೊಬ್ಬು ಕರಗಬೇಕಾದರೆ ಸುಮಾರು 7,700 ಕ್ಯಾಲೊರಿ ಖರ್ಚಾಗಬೇಕು. ದಿನಕ್ಕೆ 200 ಅಂತ ಹಿಡಿದರೂ, ಊಟ ಒಂದು ತುತ್ತೂ ಹೆಚ್ಚಾಗದಂತೆ ನೋಡಿಕೊಂಡರೂ, 38 ದಿನ ಬೇಕು. ಆದ್ದರಿಂದ "ಹತ್ತು ದಿನದಲ್ಲಿ ಹತ್ತು ಕಿಲೋ" ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಬರೀ ನಡಿಗೆಯಿಂದ ತೂಕ ಇಳಿಯುವುದು ನಿಧಾನ. ಊಟದ ತೂಬನ್ನೂ ಸ್ವಲ್ಪ ತಿರುಗಿಸಬೇಕು. "ಊಟ ಬಲ್ಲವನಿಗೆ ರೋಗವಿಲ್ಲ" ಎಂಬ ಗಾದೆ ಸುಮ್ಮನೆ ಬಂದದ್ದಲ್ಲ.

ಹಾಗಂತ ನಡೆದದ್ದು ದಂಡ ಅಂತ ತಿಳಿಯಬೇಡಿ. ತಕ್ಕಡಿ ತೋರಿಸದ ಲಾಭ ಬೇಕಾದಷ್ಟಿದೆ. ರಕ್ತದೊತ್ತಡ ತಗ್ಗುತ್ತದೆ. ಊಟ ಆದ ಮೇಲೆ ಸ್ವಲ್ಪ ಹೊತ್ತು ಓಡಾಡಿದರೆ ರಕ್ತದಲ್ಲಿ ಸಕ್ಕರೆ ಏರುವುದು ಕಡಿಮೆಯಾಗುತ್ತದೆ. ನಿದ್ದೆ ಬರುತ್ತದೆ, ಮನಸ್ಸಿನ ಭಾರ ಇಳಿಯುತ್ತದೆ. ವಯಸ್ಕರು ವಾರಕ್ಕೆ ಕಡೇಪಕ್ಷ 150 ನಿಮಿಷ ಸಾಧಾರಣ ಶ್ರಮ ಮಾಡಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲೂ ಹೇಳಿದೆ. ಅಂದರೆ ದಿನಕ್ಕೆ ಅರ್ಧ ಗಂಟೆ, ವಾರಕ್ಕೆ ಐದು ದಿನ. ಎಷ್ಟು ಚುರುಕಾಗಿ ಅಂತೀರಾ? ಜೊತೆಯವರ ಹತ್ತಿರ ಮಾತಾಡಲು ಆಗಬೇಕು, ಭಜನೆ ಹಾಡಲು ಉಸಿರು ಸಾಲಬಾರದು. ಅಷ್ಟು.

ಈಗ ಕೈಗೆ ಗಡಿಯಾರ ಕಟ್ಟಿಕೊಂಡು ದಿನಕ್ಕೆ 10,000 ಹೆಜ್ಜೆ ಎಣಿಸುವವರು ಬಹಳ. ಆ ಸಂಖ್ಯೆ ಯಾವ ಶಾಸ್ತ್ರದಲ್ಲೂ ಬಂದದ್ದಲ್ಲ. 1965ರ ಸುಮಾರಿಗೆ ಜಪಾನಿನಲ್ಲಿ ಹೆಜ್ಜೆ ಎಣಿಸುವ ಒಂದು ಯಂತ್ರ ಮಾರಾಟಕ್ಕೆ ಬಂತು, ಅದರ ಹೆಸರಿನಲ್ಲೇ ಹತ್ತು ಸಾವಿರ ಹೆಜ್ಜೆ ಎಂಬ ಅರ್ಥ ಇತ್ತು. ಅಲ್ಲಿಂದ ಹಬ್ಬಿದ ಮಾತು ಅದು. ಅದಕ್ಕಿಂತ ಕಡಿಮೆ ನಡೆದರೂ ಒಳ್ಳೆಯದಾಗುತ್ತದೆ ಅಂತ ಈಚಿನ ಅಧ್ಯಯನಗಳು ಹೇಳುತ್ತವೆ. ಜಪಮಣಿ ಎಣಿಸುತ್ತಾ ದೇವರನ್ನು ಮರೆತಂತೆ ಹೆಜ್ಜೆ ಎಣಿಸುತ್ತಾ ದಾರಿಯನ್ನು ಮರೆಯಬಾರದು.

ಬಯಲು ಗಣಪನ ಮುಂದೆ ನಿಂತು

ಇಲ್ಲಿ ಒಂದು ಎಚ್ಚರಿಕೆ ಬೇಕು. ತೂಕದ ಮಾತು ಬಂದ ಕೂಡಲೇ ನಾವು ಜನರನ್ನು ಅಳೆಯಲು ಶುರು ಮಾಡುತ್ತೇವೆ. "ಏನಮ್ಮಾ, ದಪ್ಪ ಆಗಿಬಿಟ್ಟಿದ್ದೀಯಲ್ಲ!" ಮದುವೆ ಮನೆಯಲ್ಲಿ ಹತ್ತು ಜನರ ಎದುರು ಹೀಗೆ ಕೇಳುವವರಿಗೆ ಅದು ಕುಶಲೋಪರಿ. ಕೇಳಿಸಿಕೊಂಡ ಹೆಣ್ಣುಮಗಳಿಗೆ ಆ ದಿನದ ಊಟ ಗಂಟಲಲ್ಲಿ ಇಳಿಯುವುದಿಲ್ಲ.

ಹೊಳಲ್ಕೆರೆಯ ಗಣಪತಿಯನ್ನು ನೋಡಿದ್ದೀರಲ್ಲ, ಬಯಲಲ್ಲಿ ಕೂತ ಆ ದೊಡ್ಡ ಮೂರ್ತಿ? ಹೊಟ್ಟೆ ಡೊಳ್ಳಾದ ಸ್ವಾಮಿಗೇ ನಮ್ಮಲ್ಲಿ ಮೊದಲ ಪೂಜೆ. ಅವನ ಆಕಾರ ನೋಡಿ ಚಂದ್ರ ನಕ್ಕಾಗ ಶಾಪ ಬಂದದ್ದು ನಕ್ಕವನಿಗೆ. ಈ ಕಥೆಯನ್ನು ಪ್ರತಿ ಚೌತಿಗೂ ಮಕ್ಕಳಿಗೆ ಹೇಳುತ್ತೇವೆ, ಅದರ ನೀತಿ ಮಾತ್ರ ನಮಗೆ ನೆನಪಿರುವುದಿಲ್ಲ. ತೂಕ ಪಾಪವಲ್ಲ. ಅದಕ್ಕೆ ಹುಟ್ಟಿನಿಂದ ಬಂದ ಕಾರಣ ಇರುತ್ತದೆ, ಥೈರಾಯ್ಡ್ ಇರುತ್ತದೆ, ನುಂಗುವ ಕೆಲವು ಮಾತ್ರೆ ಇರುತ್ತದೆ, ಹೆರಿಗೆ ಇರುತ್ತದೆ, ರಾತ್ರಿ ಪಾಳಿಯ ಕೆಲಸ ಇರುತ್ತದೆ. ಕಡಿಮೆ ದುಡ್ಡಿನಲ್ಲಿ ಹೊಟ್ಟೆ ತುಂಬಬೇಕಾದ ಮನೆಯಲ್ಲಿ ಅನ್ನ, ಎಣ್ಣೆ, ಸಕ್ಕರೆಯೇ ಹೆಚ್ಚಾಗುವುದೂ ಉಂಟು. ಸಣ್ಣಗಿದ್ದವರೆಲ್ಲ ಸಂಯಮಿಗಳಲ್ಲ, ದಪ್ಪಗಿದ್ದವರೆಲ್ಲ ಸೋಮಾರಿಗಳಲ್ಲ.

ಗಣಪನ ಇನ್ನೊಂದು ಕಥೆಯನ್ನು ಸೋಮಾರಿಗಳು ತಮ್ಮ ಕಡೆ ಸಾಕ್ಷಿ ಮಾಡಿಕೊಳ್ಳುತ್ತಾರೆ. ಷಣ್ಮುಖ ನವಿಲು ಹತ್ತಿ ಲೋಕ ಸುತ್ತಿದ, ಗಣಪ ಇದ್ದಲ್ಲೇ ಗೆದ್ದ, ಅಂತ. ಅಲ್ಲ ಸ್ವಾಮೀ, ಗಣಪ ಕೂತಲ್ಲೇ ಗೆಲ್ಲಲಿಲ್ಲ. ಎದ್ದ, ತಾಯಿ ತಂದೆಗೆ ಪ್ರದಕ್ಷಿಣೆ ಬಂದ. ತನ್ನ ದೇಹಕ್ಕೆ ಎಷ್ಟು ಆಗುತ್ತದೋ ಅಷ್ಟು ನಡೆದ, ನಡೆದದ್ದಕ್ಕೆ ಅರ್ಥ ತುಂಬಿದ. ನಮಗೆ ಬೇಕಾದ ನೀತಿ ಅದು.

ಯಾರ ಹೊತ್ತು?

ಈಗ ಸ್ವಲ್ಪ ಕಷ್ಟದ ಮಾತು. ಚಿತ್ರದುರ್ಗದಲ್ಲಿ ಬೆಳಿಗ್ಗೆ ಕೋಟೆಯ ಕಡೆಗೋ ಜೋಗಿಮಟ್ಟಿಯ ದಾರಿಗೋ ನಡೆಯಲು ಹೋಗುವವರಿದ್ದಾರೆ. ಬಹಳ ಒಳ್ಳೆಯದು. ಆದರೆ ಮನೆಯ ಯಜಮಾನರು ಒಂದು ಗಂಟೆ ಗಾಳಿ ಕುಡಿದು, ಗೆಳೆಯರ ಜೊತೆ ಕಾಫಿ ಕುಡಿದು ವಾಪಸ್ ಬರುವಷ್ಟರಲ್ಲಿ ಮನೆಯಲ್ಲಿ ಬಿಸಿನೀರು ಕಾದಿರುತ್ತದೆ, ತಿಂಡಿ ಆಗಿರುತ್ತದೆ, ಮಕ್ಕಳ ಡಬ್ಬಿ ತುಂಬಿರುತ್ತದೆ. ಅಷ್ಟನ್ನೂ ಮಾಡಿದವರಿಗೆ ರಕ್ತದೊತ್ತಡ ಇಲ್ಲವೇ? ಅವರ ಮಂಡಿ ನೋಯುವುದಿಲ್ಲವೇ? "ಮನೆ ಕೆಲಸಾನೇ ವ್ಯಾಯಾಮ ಬಿಡ್ರೀ" ಎಂದು ಒಂದೇ ಮಾತಲ್ಲಿ ತೇಲಿಸಿಬಿಡುತ್ತೇವೆ. ಒಲೆ ಮುಂದೆ ಗಂಟೆಗಟ್ಟಲೆ ನಿಲ್ಲುವುದು ಶ್ರಮ ಹೌದು, ದಣಿವು ಹೌದು. ಆದರೆ ಬಯಲಲ್ಲಿ ಉಸಿರು ತುಂಬಿ ನಡೆಯುವ ಅರ್ಧ ಗಂಟೆ ಕೊಡುವ ನೆಮ್ಮದಿಯನ್ನು ಅದು ಕೊಡುವುದಿಲ್ಲ.

ಒಬ್ಬರ ಆರೋಗ್ಯ ಇನ್ನೊಬ್ಬರ ಹೊತ್ತಿನ ಮೇಲೆ ನಿಂತಿದ್ದರೆ ಅದು ಅರ್ಧ ಧರ್ಮ. ವಾರದಲ್ಲಿ ಮೂರು ದಿನ ನೀವು ಮಕ್ಕಳ ಡಬ್ಬಿ ಕಟ್ಟಿ, ಆಕೆಯನ್ನು ನಡೆಯಲು ಕಳಿಸಿ. ಊರಿನ ಹಿರಿಯರು, ಪಂಚಾಯಿತಿಯವರು ಈ ಪುಟ ಓದುತ್ತಿದ್ದರೆ ಒಂದು ವಿಚಾರ ಮಾಡಬೇಕು: ನಮ್ಮೂರಲ್ಲಿ ಹೆಣ್ಣುಮಗಳೊಬ್ಬಳು ಬೆಳಗಿನ ಐದೂವರೆಗೆ ಹೆದರಿಕೆಯಿಲ್ಲದೆ ನಡೆಯುವ ದಾರಿ ಇದೆಯೇ? ಅಲ್ಲಿ ಬೀದಿದೀಪ ಉರಿಯುತ್ತದೆಯೇ? ನಾಯಿಗಳ ಕಾಟ, ಲಾರಿಗಳ ಕಾಟ ಇಲ್ಲದ ಒಂದು ಮೈಲಿ ಜಾಗ ಇದೆಯೇ? ಇಲ್ಲದಿದ್ದರೆ "ನಡೀರಿ ನಡೀರಿ" ಅಂತ ಉಪದೇಶ ಮಾಡಿ ಫಲವಿಲ್ಲ. ದೇವಸ್ಥಾನಕ್ಕೆ ಒಂದು ಗಂಟೆ ಕೊಡಿಸುವಷ್ಟೇ ಪುಣ್ಯ ಊರ ದಾರಿಗೆ ಒಂದು ದೀಪ ಹಾಕಿಸುವುದರಲ್ಲೂ ಇದೆ.

ಹರಕೆಯೂ ಪಾದವೂ

ಬೆಟ್ಟಕ್ಕೆ ಬಂದವರಿಗೆ ಹೇಳಲೇಬೇಕಾದ ಮಾತು ಒಂದಿದೆ. ವರ್ಷವಿಡೀ ನಡೆಯದವರು ಹರಕೆಯ ದಿನ ಒಂದೇ ಉಸಿರಿಗೆ ಮೆಟ್ಟಿಲು ಹತ್ತಬಾರದು. ಎದೆ ಬಿಗಿದರೆ, ಎಡಗೈಗೋ ದವಡೆಗೋ ನೋವು ಹರಿದರೆ, ತಣ್ಣನೆ ಬೆವರು ಬಂದರೆ ಅಲ್ಲೇ ಕೂತು ಜೊತೆಯವರನ್ನು ಕರೆಯಿರಿ, ತಡಮಾಡದೆ ಆಸ್ಪತ್ರೆಗೆ ಹೋಗಿ. "ಇನ್ನು ನಾಕು ಮೆಟ್ಟಿಲು ತಾನೇ" ಅನ್ನಬೇಡಿ. ಸಕ್ಕರೆ ಕಾಯಿಲೆಗೆ ಮಾತ್ರೆಯನ್ನೋ ಇನ್ಸುಲಿನನ್ನೋ ತಗೊಳ್ಳುವವರು ಉಪವಾಸವಿದ್ದು ಹತ್ತುವ ಮುಂಚೆ ವೈದ್ಯರನ್ನು ಕೇಳಿ, ಜೇಬಿನಲ್ಲಿ ಸಕ್ಕರೆಯೋ ಬೆಲ್ಲವೋ ಇರಲಿ.

ಬರಿಗಾಲಿನ ಹರಕೆಯದೂ ಹೀಗೇ. ಸಕ್ಕರೆ ಕಾಯಿಲೆ ಹಳೆಯದಾದವರಿಗೆ ಪಾದದ ಸ್ಪರ್ಶ ಕಡಿಮೆಯಾಗಿರಬಹುದು. ಕಾದ ಬಂಡೆ ಸುಟ್ಟದ್ದು ತಿಳಿಯುವುದಿಲ್ಲ, ಮುಳ್ಳು ಚುಚ್ಚಿದ್ದು ತಿಳಿಯುವುದಿಲ್ಲ. ಸಣ್ಣ ಗಾಯ ಕೊಳೆತು ಬೆರಳು ಹೋದವರಿದ್ದಾರೆ, ಕಾಲೇ ಹೋದವರಿದ್ದಾರೆ. ಭಕ್ತನ ಕಾಲನ್ನು ಕೇಳುವ ದೇವರು ಯಾವ ಬೆಟ್ಟದ ಮೇಲೂ ಇಲ್ಲ. ಗುಡಿಯ ಬಾಗಿಲ ತನಕ ಮೆತ್ತನೆಯ ಚಪ್ಪಲಿ ಹಾಕಿ ಬಂದು, ರಾತ್ರಿ ಮನೆಯಲ್ಲಿ ಪಾದ ತೊಳೆದು, ದೀಪದ ಬೆಳಕಲ್ಲಿ ನೋಡಿಕೊಳ್ಳಿ. ಪಾದಪೂಜೆ ಅಂದರೆ ಅದೂ ಒಂದು ಪಾದಪೂಜೆಯೇ.

ಧರ್ಮ ಎಲ್ಲಿದೆ?

ಈಗ ಮೊದಲಿನ ಪ್ರಶ್ನೆಗೆ ಬರೋಣ. ದೇಹ ನಶ್ವರ, ಅದಕ್ಕೆ ಉಪಚಾರ ಯಾಕೆ ಅಂತ ಹಿರಿಯರು ಕೇಳಿದರಲ್ಲ.

ಮನೆಯಲ್ಲಿ ಕಾರ್ಯ ಇದ್ದಾಗ ಪಕ್ಕದ ಮನೆಯಿಂದ ದೊಡ್ಡ ಪಾತ್ರೆ ಎರವಲು ತರುತ್ತೇವೆ. ಅದು ನಮ್ಮದಲ್ಲ, ಎರಡು ದಿನ ಬಿಟ್ಟು ಹೋಗುವುದೇ ಅಂತ ಹೊಲಸು ಮಾಡಿ ಮೂಲೆಗೆ ಎಸೆಯುತ್ತೇವೆಯೇ? ನಮ್ಮದಲ್ಲ ಎಂಬ ಕಾರಣಕ್ಕೇ ಇನ್ನೂ ಜೋಪಾನವಾಗಿ ಬಳಸಿ, ಬೆಳಗಿ, ಬೋರಲು ಹಾಕಿ ಒಣಗಿಸಿ ವಾಪಸ್ ಕೊಡುತ್ತೇವೆ. ದೇಹ ಅಂಥ ಪಾತ್ರೆ. ನಶ್ವರ ಎಂಬುದು ಅಲಕ್ಷ್ಯ ಮಾಡಲು ಕಾರಣವಲ್ಲ, ಜೋಪಾನ ಮಾಡಲು ಕಾರಣ. ಬಳಸಿದ ಪಾತ್ರೆ ಒಂದೆರಡು ಕಡೆ ನೆಗ್ಗಿದರೆ ಕೊಟ್ಟವರು ಬೈಯುವುದಿಲ್ಲ. ಕಾಯಿಲೆ, ವಯಸ್ಸು, ಅಪಘಾತ ಎಲ್ಲ ಅಂಥ ನೆಗ್ಗುಗಳು. ನಡೆಯಲು ಆಗದೆ ಮಂಚದ ಮೇಲಿರುವವರ ದೇಹವೂ ಅಷ್ಟೇ ಪವಿತ್ರ.

ಇನ್ನು ಕಿರಿಯರ ಮಾತು. ಆರೋಗ್ಯವೇ ಎಲ್ಲಕ್ಕೂ ಮೊದಲು ಅಂದರಲ್ಲ, ಬೆಳಗಿದ ಪಾತ್ರೆಯನ್ನು ಅಟ್ಟದ ಮೇಲಿಟ್ಟು ಹೊಳಪು ನೋಡುತ್ತಾ ಕೂತರೆ ಕಾರ್ಯಕ್ಕೆ ಬಂದವರಿಗೆ ಅನ್ನ ಬೇಯುವುದು ಯಾವುದರಲ್ಲಿ? 1930ರ ಮಾರ್ಚ್ 12ರಂದು ಸಾಬರಮತಿಯಿಂದ ದಂಡಿಗೆ ಹೊರಟಾಗ ಗಾಂಧೀಜಿಗೆ 60 ವರ್ಷ. 24 ದಿನದಲ್ಲಿ ಸುಮಾರು 385 ಕಿಲೋಮೀಟರ್ ನಡೆದರು. ದಿನಾ ನಡೆಯುವ ರೂಢಿ ಇದ್ದ ಕಾಲು ಅದು. ಅವರು ಅಷ್ಟು ವರ್ಷ ನಡೆದದ್ದು ದಂಡಿಗಾಗಿಯೇ ಅಂತಲ್ಲ. ಆದರೆ ದಂಡಿಗೆ ಹೋಗಬೇಕಾದ ದಿನ ಬಂದಾಗ ಕಾಲು "ಆಗಲ್ಲ" ಅನ್ನಲಿಲ್ಲ. ವಿನೋಬಾ ಭಾವೆಯವರು 1951ರಲ್ಲಿ ಭೂದಾನಕ್ಕಾಗಿ ಹೊರಟು ಹತ್ತಾರು ವರ್ಷ ಹಳ್ಳಿಯಿಂದ ಹಳ್ಳಿಗೆ ನಡೆದರು. ಅವರಿಗೆ ನಡಿಗೆಯೇ ಪ್ರಾರ್ಥನೆಯಾಯಿತು.

ನಮಗೆ ದಂಡಿ ಬರಲಿಕ್ಕಿಲ್ಲ. ಆದರೆ ಮೊಮ್ಮಗುವನ್ನು ಎತ್ತಿಕೊಳ್ಳಬೇಕಾದ ದಿನ ಬರುತ್ತದೆ. ಹಾಸಿಗೆ ಹಿಡಿದ ಹೆಂಡತಿಯನ್ನೋ ಗಂಡನನ್ನೋ ಎಬ್ಬಿಸಿ ಕೂರಿಸಬೇಕಾದ ರಾತ್ರಿ ಬರುತ್ತದೆ. ಊರಲ್ಲಿ ಸಾವಾದರೆ ಹೆಗಲು ಕೊಡಬೇಕಾಗುತ್ತದೆ. ಆ ದಿನಕ್ಕೆ ಈ ದೇಹ ಒದಗಲಿ ಅಂತ ನಡೆಯುವವನ ನಡಿಗೆ ಸ್ವಾರ್ಥವಲ್ಲ, ಶೋಕಿಯೂ ಅಲ್ಲ. ಕನ್ನಡಿಗಾಗಿ ಮಾತ್ರ ನಡೆದರೆ ಅದು ಕಾಲಿನ ನಡೆ. ಇನ್ನೊಬ್ಬರಿಗೆ ಭಾರವಾಗದೆ, ಇನ್ನೊಬ್ಬರ ಭಾರ ಹೊರಲು ನಡೆದರೆ ಅದು ಬಾಳಿನ ನಡೆ.

ಆದ್ದರಿಂದ ಭಕ್ತರೇ, ಈ ಸಲ ಬೆಟ್ಟದಿಂದ ಇಳಿಯುವಾಗ ಕುಂಕುಮ, ಪ್ರಸಾದದ ಜೊತೆ ಒಂದು ಸಣ್ಣ ಹರಕೆಯನ್ನೂ ಕಟ್ಟಿಕೊಂಡು ಹೋಗಿ. ಮುಂದಿನ ಜಾತ್ರೆಯ ತನಕ ದಿನಾ ಅರ್ಧ ಗಂಟೆ ನಡೆಯುತ್ತೇನೆ. ಮೊದಲ ವಾರ ಹತ್ತೇ ನಿಮಿಷ ಆದರೂ ಸರಿ. ಮನೆಯ ಒಬ್ಬರನ್ನು ಜೊತೆಗೆ ಕರೆದೊಯ್ಯುತ್ತೇನೆ. ಯಾರ ಮೈಯನ್ನೂ ಆಡಿಕೊಳ್ಳುವುದಿಲ್ಲ. ಈ ಹರಕೆಗೆ ಕಾಯಿ ಬೇಡ, ಕಾಣಿಕೆ ಬೇಡ.

ಇಳಿಯುವಾಗ ಮೆಟ್ಟಿಲು ನೋಡಿಕೊಂಡು, ವಯಸ್ಸಾದವರ ಕೈ ಹಿಡಿದುಕೊಂಡು, ನಿಧಾನಕ್ಕೆ ಇಳಿಯಿರಿ. ಮುಂದಿನ ವರ್ಷವೂ ನಿಮ್ಮ ಕಾಲ ಮೇಲೇ ಹತ್ತಿ ಬರುವ ಭಾಗ್ಯ ನಿಮಗೆಲ್ಲ ಸಿಗಲಿ.

ಸರ್ವರಿಗೂ ಒಳಿತಾಗಲಿ.